ಗಾಜಿನ ಮನೆಯ ನೆಲಕ್ಕೆ ಮೊದಲ ಹೆಜ್ಜೆ

ಸ್ಟಾಮೆನ್ ಮುದುಕ ಗಿಡ ಬೆಳೆಸುವ ಗಾಜಿನ ಮನೆ ಒಂದು ಕಾಲದಲ್ಲಿ ಬಸ್ಸಾಗಿತ್ತು ಎಂದರೆ ನೀವು ನಂಬಲೇಬೇಕು. ತಾನು ಮೂವತ್ತು ವರ್ಷ ಪ್ಲೊವ್ದಿವ್ ಪಟ್ಟಣಕ್ಕೆ ಓಡಿಸಿದ ಬಸ್ಸು ಗುಜರಿಗೆ ಹೋದಾಗ, ಅದರ ಕಿಟಕಿಗಳನ್ನು ಬಿಚ್ಚಿ ತಂದು ಹಿತ್ತಲಲ್ಲಿ ಕಟ್ಟಿಕೊಂಡಿದ್ದ. ಒಂದು ಗಾಜಿನ ಮೇಲೆ ಇವತ್ತಿಗೂ 'ತಲೆ ಹೊರಗೆ ಹಾಕಬೇಡಿ' ಎಂದಿದೆ. ಟೊಮೇಟೊ ಬಳ್ಳಿಗಳು ಅದನ್ನು ಓದಿಯೇ ಒಳಕ್ಕೆ ಬಾಗುತ್ತವೆ ಎಂದು ಅವನು ಆಣೆ ಇಟ್ಟು ಹೇಳುತ್ತಾನೆ.

ನೆಲ ಮಾತ್ರ ಬರೀ ಮಣ್ಣು. ಹೋದ ಚಳಿಗಾಲ ಅದು ಹೆಪ್ಪುಗಟ್ಟಿತ್ತು. ತನ್ನ ನಿಂಬೆಗಿಡಕ್ಕೆ ನೀರು ಹಾಕಲು ಹೋದ ಹೆಂಡತಿ ನೆದೆಲ್ಕಾ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಮೇಲೆ ಒಳಗೆ ಕಾಲಿಟ್ಟಿಲ್ಲ. ಅಡುಗೆಮನೆ ಕಿಟಕಿಯಿಂದಲೇ ಗಿಡದ ಕಡೆ ನೋಡುತ್ತಾಳೆ.

"ಚಳಿಗಾಲ ಶುರುವಾಗೋ ಸಂತ ದಿಮಿತರನ ಹಬ್ಬಕ್ಕೆ ಇಟ್ಟಿಗೆ ನೆಲ ಮಾಡ್ಕೊಡ್ತೀನಿ. ಮೊದಲ ಹೆಜ್ಜೆ ನಿಂದೇ," ಎಂದ ಸ್ಟಾಮೆನ್.

"ನಂದಾ? ಹಬ್ಬದ ದಿನ ಹೊಸ್ತಿಲು ದಾಟಿ ಮೊದಲು ಬಂದೋರು ಹೆಂಗೆ ನಡೀತಾರೋ ವರ್ಷ ಹಂಗೇ ನಡೆಯತ್ತೆ. ಈ ಕುಂಟಿ ಕಾಲಿಟ್ರೆ ವರ್ಷವೆಲ್ಲ ಕುಂಟತ್ತೆ. ನಾನೊಲ್ಲೆ ಮುದುಕಾ."

ಅವನು ಒಣಗಿದ ಬಳ್ಳಿ ಕಿತ್ತ, ಮಣ್ಣು ತೋಡಿದ. ಪಕ್ಕದ ಮನೆಯ ಗಾಂಚೋ ಬೇಲಿ ಮೇಲಿಂದ ಬಗ್ಗಿ, "ಇಟ್ಟಿಗೆ ಕೆಳಗೆ ವೈನ್ ಹಿಂಡಿ ಉಳಿದ ದ್ರಾಕ್ಷಿ ಸಿಪ್ಪೆ ಹಾಕೋ. ಚಳಿಗಾಲವೆಲ್ಲ ನೆಲ ಬೆಚ್ಚಗಿರತ್ತೆ," ಎಂದ. ಸ್ಟಾಮೆನ್ ಒಂದು ಗಾಡಿ ಸಿಪ್ಪೆ ತಂದು ಸುರಿದು, ಮೇಲೆ ಇಟ್ಟಿಗೆ ಜೋಡಿಸಿದ.

ಮೂರನೆಯ ದಿನ ಸಿಪ್ಪೆ ಹುಳಿತು ಉಬ್ಬಿತು. ನೆಲವೆಲ್ಲ ಬಸುರಿ ಹೊಟ್ಟೆ! ಇಟ್ಟಿಗೆಗಳು ಒಂದರ ಭುಜದ ಮೇಲೊಂದು ಹತ್ತಿ ನಿಂತವು.

"ನಿನ್ನ ತಲೆಯನ್ನೂ ಅದರ ಕೆಳಗೆ ಹಾಕಬೇಕಿತ್ತು ಕಣೋ!" ಎಂದು ಸ್ಟಾಮೆನ್ ಬೈದ.

"ಬೆಚ್ಚಗಿದೆಯೋ ಇಲ್ವೋ, ಅದು ಹೇಳು ಮೊದಲು!" ಎಂದ ಗಾಂಚೋ.

ಹಬ್ಬಕ್ಕೆ ಉಳಿದದ್ದು ಎರಡೇ ದಿನ. ಸ್ಟಾಮೆನ್ ಎಲ್ಲ ಕಿತ್ತು, ಸಿಪ್ಪೆಯನ್ನು ಅಂಗಳಕ್ಕೆ ಎಸೆದು, ಮರಳು ಹಾಸಿ ದಮ್ಮಸು ಮಾಡಿ, ಇಟ್ಟಿಗೆ ಮತ್ತೆ ಜೋಡಿಸಿದ. ಪ್ರತಿ ಇಟ್ಟಿಗೆಯ ಮೇಲೂ ಒಂಟಿಕಾಲಲ್ಲಿ ನಿಂತು ಪರೀಕ್ಷಿಸಿದ. ಅತ್ತ ಆ ಸಿಪ್ಪೆ ತಿಂದು ಅಮಲೇರಿದ ಕೋಳಿಗಳು ಮದುವೆಮನೆ ಬೀಗರ ಹಾಗೆ ಓಲಾಡಿದವು. ಒಂದಂತೂ ಹಾಡಿತಂತೆ, ಅದು ಸ್ಟಾಮೆನ್ನನ ಮಾತು.

ಹಬ್ಬದ ಬೆಳಿಗ್ಗೆ ಅವನು ಹೆಂಡತಿಯ ಕೈ ಹಿಡಿದು ಬಾಗಿಲವರೆಗೆ ಕರೆತಂದ. ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಕೋಲಿನ ತುದಿಯಿಂದ ಮೊದಲ ಇಟ್ಟಿಗೆಯನ್ನು ಕುಟ್ಟಿ ನೋಡಿದಳು.

ಅಷ್ಟರಲ್ಲಿ ಕಂದು ಕೋಳಿಯೊಂದು ಅವಳ ಕಾಲಸಂದಿಯಿಂದ ನುಗ್ಗಿ ಒಳಗೆ ಹೋಯಿತು. ನೆಟ್ಟಗೆ, ಪಾದ್ರಿಯ ಗತ್ತಿನಲ್ಲಿ, ಆ ತುದಿಯ ನಿಂಬೆಗಿಡದವರೆಗೆ ನಡೆಯಿತು.

ಸ್ಟಾಮೆನ್ನನ ಮುಖ ಬಿಳಚಿತು. "ಅಯ್ಯೋ, ಹಾಳಾಯ್ತಲ್ಲ!"

ನೆದೆಲ್ಕಾ ನಗತೊಡಗಿದಳು. ಹತ್ತು ತಿಂಗಳ ಮೇಲೆ ಕೇಳಿದ ನಗು ಅದು. "ನಿನ್ನೆ ಕುಡಿದು ತೂರಾಡ್ತಿದ್ದ ಕೋಳಿ ಕಣೋ ಇದು! ಅದೇ ಜಾರಲಿಲ್ಲ. ವರ್ಷದ ನಡಿಗೆ ಅದು ನೋಡ್ಕೊಳ್ಳತ್ತೆ ಬಿಡು, ನಂದು ನಾನು ನಡೀತೀನಿ."

ಕೋಲು ಊರಿದಳು. ಒಂದು ಇಟ್ಟಿಗೆ, ಇನ್ನೊಂದು. ಅವನು ಕೈ ಚಾಚಿಕೊಂಡೇ ಹಿಂದೆ ಹೋದ. ಅವಳು ಗಿಡದ ಎಲೆ ಸವರಿ, ಮೂಸಿ ನೋಡಿದಳು.

"ಇಲ್ಲೊಂದು ಇಟ್ಟಿಗೆ ಅಲ್ಲಾಡತ್ತೆ."

"ಈಗಲೇ ಸರಿ ಮಾಡ್ತೀನಿ!"

"ಅದು ಆಮೇಲೆ. ಮೊದಲು ನೀರು ತಾ."