ಸಂಕ ದಾಟದ ಸ್ಟವ್

ಕೊಲ್ಲಮೊಗ್ರಿನ ದಾರಿಯಲ್ಲಿ, ಹೊಳೆಗೆ ಅಡ್ಡಲಾಗಿ ಎರಡು ಮರ ಹಾಸಿದ ಕಾಲುಸಂಕದ ನಟ್ಟನಡುವೆ, ಸೈಕಲನ್ನು ಹೆಗಲಿಗೇರಿಸಿಕೊಂಡು ನಿಂತುಬಿಟ್ಟಿದ್ದೆ. ಎಪ್ಪತ್ತರ ದಶಕದ ಮಾತು. ಮೂರು ದಿನದ ತಿರುಗಾಟಕ್ಕೆಂದು ಪುತ್ತೂರಿನಲ್ಲಿ ಚೌಕಾಶಿ ಮಾಡಿ ಕೊಂಡ ಹೊಸ ಸ್ಟವ್, ಪಾತ್ರೆ, ಅಕ್ಕಿ, ಹಾಸಿಗೆ ಎಲ್ಲವನ್ನೂ ಕ್ಯಾರಿಯರಿಗೆ ಕಟ್ಟಿದ್ದೆ. ಸಂಕ ತೂಗುತ್ತಿತ್ತು, ಕೆಳಗೆ ಬಂಡೆ. ಮುಂದಕ್ಕೂ ಆಗದು, ಹಿಂದಕ್ಕೂ ಆಗದು.

ಆಚೆ ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಓಡಿಬಂದು, ಹ್ಯಾಂಡಲ್ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ನನ್ನನ್ನು ದಡ ಸೇರಿಸಿದರು. ಆಮೇಲೆ ಹೊರೆ ನೋಡಿ ನಕ್ಕರು.

"ಎಂತ ಮಾರಾಯ್ರೆ, ಮನೆ ಖಾಲಿ ಮಾಡಿ ಹೊರಟದ್ದಾ?"

"ಹಸಿವಾದರೆ ಬೇಕಲ್ಲ ಅಕ್ಕ?"

"ದಾರಿಯಲ್ಲಿ ಮನೆಗಳು ಉಂಟಲ್ಲ! ಗಂಜಿ ಕೇಳಿದರೆ ಯಾರು ಇಲ್ಲ ಹೇಳುದು? ಇದೆಲ್ಲ ನಮ್ಮಲ್ಲಿರಲಿ, ಬರುವಾಗ ಕೊಂಡುಹೋಗಿ."

ಅರೆಮನಸ್ಸಿನಿಂದಲೇ ಒಪ್ಪಿದೆ. ಪಂಪು, ಪಂಕ್ಚರ್ ಸಾಮಾನು, ಮೈ ಒರೆಸಲು ಒಂದು ಬೈರಾಸು ಮಾತ್ರ ಉಳಿಸಿಕೊಂಡೆ. ಮೂರು ದಿನದಲ್ಲಿ ಒಂದು ಹೊತ್ತೂ ಉಪವಾಸ ಬೀಳಲಿಲ್ಲ. ಮರಳಿ ಬಂದಾಗ ಅಕ್ಕ ಸ್ಟವ್ವನ್ನು ಒಮ್ಮೆಯೂ ಉರಿಸದೆ, ಬಟ್ಟೆ ಸುತ್ತಿ ಅಟ್ಟದಲ್ಲಿಟ್ಟಿದ್ದರು.

ನೀವೂ ಹೊರಡುವ ಮೊದಲು, ತುಂಬಿದ ಸೈಕಲನ್ನು ಅಂಗಳದಲ್ಲೇ ಹೆಗಲಿಗೆತ್ತಿ ನೋಡಿ. ಎತ್ತಲಾಗದಿದ್ದರೆ ಗಂಟು ಬಿಚ್ಚಿ. ಆ ಸ್ಟವ್ವನ್ನು ನಾನು ಮತ್ತೆ ಸಂಕ ದಾಟಿಸಲಿಲ್ಲ, ಅಕ್ಕನಿಗೇ ಕೊಟ್ಟುಬಂದೆ. ಚೌಕಾಶಿ ಮಾಡದೆ ನಾನು ಕೈಬಿಟ್ಟ ವಸ್ತು ಅದೊಂದೇ.