ಮೇಡಮ್ಮರ ಹೇಸಿಗೆ

ಹೇಸಿಗೆಯಾದಾಗ ನಮ್ಮ ಭೂಗೋಳದ ಮೇಡಮ್ಮರ ಮೂಗಿನ ಎಡಹೊಳ್ಳೆ ಮೇಲಕ್ಕೇರುತ್ತಿತ್ತು. ಅಲ್ಲಿದ್ದ ಬಿಳಿಹರಳಿನ ಮೂಗುಬೊಟ್ಟೂ ಜೊತೆಗೇ ಏರಿ, ಕಿಟಕಿಯ ಬೆಳಕಿಗೆ ಒಮ್ಮೆ ಮಿಂಚಿ ಇಳಿಯುತ್ತಿತ್ತು. ಕೊನೆಯ ಬೆಂಚಿನವರಿಗೂ ಅದು ಕಾಣುತ್ತಿತ್ತು. ಮೂಗುಬೊಟ್ಟು ಮಿಂಚಿತೆಂದರೆ ಇವತ್ತು ಯಾರಿಗೋ ಕಾದಿದೆ ಎಂದು ನಾವು ಪುಸ್ತಕದೊಳಗೆ ಮುಖ ಹುದುಗಿಸಿ ಕೂರುತ್ತಿದ್ದೆವು.

ಅವರಿಗೆ ಹೇಸಿಗೆ ಬಲು ಬೇಗ ಬರುತ್ತಿತ್ತು. ಬೆರಳಿಗೆ ಎಂಜಲು ಹಚ್ಚಿ ಅಟ್ಲಾಸಿನ ಹಾಳೆ ತಿರುವುವವರನ್ನು ಕಂಡರೆ ಆಗುತ್ತಲೇ ಇರಲಿಲ್ಲ. 'ಹಿಮಾಲಯಕ್ಕ ಉಗುಳು ಹಚ್ಚಿದಿ, ಹೋಗು, ಕೈ ತೊಳಕೊಂಡು ಬಾ' ಎಂದು ನಲ್ಲಿಯ ಕಡೆ ಅಟ್ಟುತ್ತಿದ್ದರು. ಅವರು ದಿನಾ ಕೊಟ್ಟೂರಿನಿಂದ ಹರಪನಹಳ್ಳಿಯ ನಮ್ಮ ಕಾಲೇಜಿಗೆ ಬಸ್ಸಿನಲ್ಲಿ ಬರುವವರು. ಕಿಟಕಿಯಿಂದ ಗುಟ್ಕಾ ಉಗುಳಿದವನೊಬ್ಬನ ಜೊತೆ ಜಗಳವಾಡಿ ಬಂದ ದಿನ ಮೊದಲು ಆ ಜಗಳದ ವರದಿ, ಆಮೇಲೆ ಮಾನ್ಸೂನ್ ಮಾರುತಗಳು. ಪಠ್ಯಪುಸ್ತಕದಲ್ಲಿ ನಮ್ಮ ಸೀಮೆಯನ್ನು 'ಹಿಂದುಳಿದ ಪ್ರದೇಶ' ಎಂದು ಬರೆದಿದ್ದ ಸಾಲು ಬಂದಾಗಲೂ ಮೂಗು ಏರುತ್ತಿತ್ತು. ಹಿಂದೆ ಉಳಿಸಿದವರು ಯಾರೆಂದು ಬರೆಯಲು ಈ ಮಹಾಶಯನಿಗೆ ಮಸಿ ಸಾಲಲಿಲ್ಲವೇನು ಎಂದು ಕೇಳುತ್ತಿದ್ದರು.

ಹಾಗೆಂದು ಮಡಿ ಮೈಲಿಗೆಯ ಹೆಂಗಸು ಎಂದುಕೊಳ್ಳಬೇಡಿ. ಬಸ್ ನಿಲ್ದಾಣದಲ್ಲಿ ನಮ್ಮ ಜೊತೆಗೆ ನಿಂತು ಒಂದೇ ಕಾಗದದಿಂದ ಮಂಡಕ್ಕಿ ಮುಕ್ಕುತ್ತಿದ್ದರು, ನನ್ನ ಪಾಲಿನ ಮೆಣಸಿನಕಾಯಿಗೂ ಕೈ ಹಾಕುತ್ತಿದ್ದರು. ಅವರಪ್ಪ ರೈಲು ಹಳಿ ರಿಪೇರಿಯ ಗ್ಯಾಂಗಿನಲ್ಲಿ ದುಡಿದವರು. ಮನೆಯಲ್ಲಿ ಬುದ್ಧನ ಪಟ. ತಾನು ಕೇರಿಯಲ್ಲಿ ಹುಟ್ಟಿದವಳು ಎಂಬುದನ್ನು ಅವರು ಮುಚ್ಚಿಟ್ಟವರೂ ಅಲ್ಲ, ಸಾರಿಕೊಂಡು ತಿರುಗಿದವರೂ ಅಲ್ಲ. ನಕಾಶೆ ಬರೆಸುವಾಗ ಮಾತ್ರ ಒಂದು ಮಾತು ತಪ್ಪದೆ ಹೇಳುತ್ತಿದ್ದರು: 'ಖಾಲಿ ಜಾಗ ಬಿಡಬ್ಯಾಡ್ರಿ. ಗೊತ್ತಿದ್ರ ಬರೀರಿ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಬರೀರಿ. ಖಾಲಿ ಬಿಡೋದು ಅಂದ್ರ ಸುಳ್ಳು ಹೇಳಿದಂಗ.'

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿಗೆ ವಿದೇಶದ ವಿಶ್ವವಿದ್ಯಾಲಯವೊಂದರ ಭೂಗೋಳ ವಿದ್ಯಾರ್ಥಿಗಳು ಬಂದರು. ಹೊರದೇಶಕ್ಕೆ ಹೋಗಿ ಸಂಶೋಧನೆ ಮಾಡುವುದು ಅವರ ಓದಿನ ಒಂದು ಭಾಗವಂತೆ. ಅವರ ಪಾಲಿಗೆ ಆ ಹೊರದೇಶ ನಾವು. ಹಡಗಲಿ ಕಡೆಯ ಹೂವಿನ ಹಳ್ಳಿಯೊಂದರಲ್ಲಿ ಅವರೂ ನಾವೂ ಕೂಡಿ ಊರಿನ ನಕಾಶೆ ತಯಾರಿಸುವುದು, ಮಲ್ಲಿಗೆ ಯಾರ ಕೈಯಿಂದ ಯಾರ ಕೈಗೆ ಹೋಗಿ ಬಸ್ಸು ಹತ್ತುತ್ತದೆ ಎಂದು ಬರೆಯುವುದು ಕೆಲಸ. ಅದು ಮುಗಿದ ಮೇಲೆ ನಮ್ಮಲ್ಲಿ ನಾಲ್ವರು ಅವರ ದೇಶಕ್ಕೆ ಹೋಗಿ ಅಲ್ಲಿನ ಹಳ್ಳಿಯೊಂದರ ನಕಾಶೆ ಬರೆಯಬೇಕು. ಆ ನಾಲ್ವರಲ್ಲಿ ನಾನೂ ಒಬ್ಬಳು.

ಚಿಗಟೇರಿಯಿಂದ ಹರಪನಹಳ್ಳಿಗೆ ಹೋಗಿ ಬರುವುದೇ ದೊಡ್ಡ ಪ್ರಯಾಣವಾಗಿದ್ದ ನನಗೆ ತಲೆ ತಿರುಗಿತು. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದಾಗ ಓಣಿಯವರೆಲ್ಲ ನಾನು ಯಾರನ್ನೋ ಹೊಡೆದೆನೆಂದು ತಿಳಿದು ಸೇರಿದ್ದರು. ನಾನು ಹೋಗುವುದಕ್ಕೆ ಇನ್ನೂ ತಿಂಗಳುಗಳಿರುವಾಗಲೇ ಅವ್ವ ಶೇಂಗಾ ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿದಳು. ಅಪ್ಪ ಎಂದೂ ಏನೂ ಕೇಳದ ಮನುಷ್ಯ, ವಿಮಾನದಲ್ಲಿ ಕಿಟಕಿ ತೆಗೆಯಲು ಬರುತ್ತದೆಯೇ ಎಂದು ಕೇಳಿದ. ನನಗೆ ಹೋಗಲೇಬೇಕಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ನಾನೇನೋ ದೊಡ್ಡ ತ್ಯಾಗಿ ಎಂದು ಯಾರೂ ತಿಳಿಯಬಾರದು.

ಕಾರ್ಯಕ್ರಮ ನಡೆಸಲು ಬೆಂಗಳೂರಿನಿಂದ ಒಬ್ಬ ಸಂಯೋಜಕ ಬಂದಿದ್ದ. ಸದಾ ನಗುಮುಖ. ಆ ನಗುವನ್ನು ಈಗ ನೆನೆದರೂ ನನ್ನ ಬಾಯಿ ಕಹಿಯಾಗುತ್ತದೆ. ಅವನು ನಮ್ಮ ಊಟ ತಿಂಡಿಯನ್ನು ಊರಿನ ಹೂವಿನ ಸಾಹುಕಾರರ ಮನೆಯಲ್ಲಿ ಏರ್ಪಾಡು ಮಾಡಿದ್ದ. ಮೊದಲ ದಿನ ಊಟಕ್ಕೆ ಎಲ್ಲರನ್ನೂ ಪಡಸಾಲೆಗೆ ಕರೆದರು. ಮೇಡಮ್ಮರಿಗೆ ಮಾತ್ರ ಸಾಹುಕಾರರು ಬಹಳ ಅಕ್ಕರೆಯಿಂದ, 'ನೀವು ಇಲ್ಲೇ ಕಟ್ಟಿ ಮ್ಯಾಲ ಕುಂದರ್ರಿ ಮೇಡಂ, ಗಾಳಿ ಚಲೋ ಬರ್ತೈತಿ' ಎಂದರು. ಮೂಗುಬೊಟ್ಟು ಮಿಂಚಿತು. ಮೇಡಂ ಕಟ್ಟೆಯ ಮೇಲೆ ಕೂತರು. ಗಾಳಿ ಚೆನ್ನಾಗಿದೆಯೆಂದು ಕೇಳಿದ ವಿದೇಶದ ಹುಡುಗರು ತಮ್ಮ ತಮ್ಮ ತಟ್ಟೆ ಎತ್ತಿಕೊಂಡು ಹೊರಗೆ ಬಂದು ಅವರ ಸುತ್ತ ಕೂತುಬಿಟ್ಟರು. ಸಾಹುಕಾರರ ಮುಖ ನೋಡುವಂತಿತ್ತು. ಮೇಡಂ ಅವತ್ತು ಎರಡು ರೊಟ್ಟಿ ಜಾಸ್ತಿ ತಿಂದರು.

ನಮ್ಮ ಕೈಗೆ ಕೊಟ್ಟ ಊರಿನ ಮೂಲ ನಕಾಶೆ ಹಳ್ಳದ ದಂಡೆಗೆ ಮುಗಿಯುತ್ತಿತ್ತು. ಹಳ್ಳದಾಚೆ ಬರೀ ಬಿಳಿ. ಆ ತಂಡದಲ್ಲಿ ಕೆಂಗೂದಲಿನ ಒಬ್ಬ ಹುಡುಗಿಯಿದ್ದಳು, ಚುರುಕಿನವಳು. ಮೊಗ್ಗು ಬಿಡಿಸುವುದನ್ನು ನೋಡಲೆಂದು ಅವಳು ಹೊತ್ತು ಮೂಡುವ ಮೊದಲೇ ತೋಟಕ್ಕೆ ಹೋಗುತ್ತಿದ್ದಳು. ಬಿಸಿಲೇರಿದರೆ ಮೊಗ್ಗು ಬಾಡುತ್ತದೆ, ಅದಕ್ಕೆ ಬಿಡಿಸುವ ಹೆಂಗಸರು ಹಣೆಗೆ ಬ್ಯಾಟರಿ ಕಟ್ಟಿಕೊಂಡು ಕತ್ತಲಲ್ಲೇ ಬರುತ್ತಾರೆ. ಅವರು ಬರುವುದು ಹಳ್ಳ ದಾಟಿ, ಹೋಗುವುದೂ ಹಳ್ಳ ದಾಟಿ ಎಂದು ಅವಳು ಗಮನಿಸಿದಳು. ಅವರ ಮನೆಗಳು ಎಲ್ಲಿ ಎಂದು ಸಂಯೋಜಕನನ್ನು ಕೇಳಿದಳು. ಅವರು ಬೇರೆ ಊರಿನ ಕೂಲಿಗಳು ಎಂದ ಅವನು, ನಗುತ್ತಲೇ. ಹಿಂದಿನ ದಿನವಷ್ಟೇ ಸಾಹುಕಾರರು ಅವನಿಗೆ, ಆ ಕಡೆ ಹೊಲಸು, ಪರದೇಶದ ಮಕ್ಕಳಿಗೆ ಬೇನೆ ಬರುತ್ತದೆ ಎಂದು ಹೇಳಿದ್ದನ್ನು ನಾವೆಲ್ಲ ಕೇಳಿದ್ದೆವು.

ಮೇಡಂ ಅಲ್ಲೇ ನಿಂತಿದ್ದರು. ಆ ಹೆಂಗಸರು ಇದೇ ಊರಿನವರು, ಮತದಾರರ ಪಟ್ಟಿಯಲ್ಲೂ ಇದೇ ಊರು, ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಸೀರೆಯ ನೆರಿಗೆ ಎತ್ತಿ ಹಳ್ಳಕ್ಕೆ ಇಳಿದರು. ನಾವೆಲ್ಲ ಹಿಂದೆ ಹೋದೆವು. ಕೇರಿಯಲ್ಲಿ ಅಂಥ ಹೊಲಸೇನೂ ಇರಲಿಲ್ಲ. ಸಾರಿಸಿದ ಅಂಗಳಗಳಿದ್ದವು, ಗೋಡೆಗೆ ಸುಣ್ಣ ಬಳಿದ ಒಂದು ಸಮುದಾಯ ಭವನವಿತ್ತು, ಹೊಲಸೆಂದರೆ ಊರೊಳಗಿನ ಗಟಾರದ್ದು, ಹಳ್ಳಕ್ಕೆ ಹರಿದು ಬಂದು ಕೇರಿಯ ದಂಡೆಗೆ ನಿಲ್ಲುತ್ತಿತ್ತು. ಹೂ ಬಿಡಿಸಿ ಬಂದ ಹೆಂಗಸರು ನಮಗೆಲ್ಲ ಚಹಾ ಕೊಟ್ಟರು. ಮಧ್ಯಾಹ್ನದವರೆಗೆ ಮನೆಮನೆಗೆ ಹೋಗಿ ಆ ಬಿಳಿ ಜಾಗವನ್ನೆಲ್ಲ ತುಂಬಿದೆವು. ಮೇಡಂ ಅಷ್ಟು ಖುಷಿಯಾಗಿ ಕೆಲಸ ಮಾಡಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಊಟಕ್ಕೆಂದು ಸಾಹುಕಾರರ ಮನೆಗೆ ಮರಳಿದಾಗ ಬಾಗಿಲಲ್ಲಿ ಅವರ ತಾಯಿ ಒಂದು ಹಿತ್ತಾಳೆ ತಂಬಿಗೆ ಹಿಡಿದು ನಿಂತಿದ್ದರು. ಇನ್ನೊಂದು ಕೈಯಲ್ಲಿ ಬೇವಿನ ಟೊಂಗೆ. ಟೊಂಗೆಯನ್ನು ತಂಬಿಗೆಯಲ್ಲಿ ಅದ್ದಿ ಒಬ್ಬೊಬ್ಬರ ಮೇಲೂ ಚಿಮುಕಿಸಿ ಒಳಗೆ ಬಿಡುತ್ತಿದ್ದರು. ನನ್ನ ಕೆನ್ನೆಗೆ ಬಿದ್ದ ಹನಿಯ ವಾಸನೆಯಿಂದಲೇ ತಿಳಿಯಿತು. ಆಕಳ ಗಂಜಲ.

ವಿದೇಶದ ಹುಡುಗರು ಮೊಬೈಲು ತೆಗೆದು ಫೋಟೋ ಹೊಡೆಯತೊಡಗಿದರು. ಇದು ನಮ್ಮ ಸಾಂಪ್ರದಾಯಿಕ ಸ್ವಾಗತ, ಹಿರಿಯರ ಆಶೀರ್ವಾದ ಎಂದು ಸಂಯೋಜಕ ವಿವರಿಸಿದ. ಹಿಂದಿನ ವಾರ ಬಾಗಳಿಯ ಗುಡಿಗೆ ಹೋದಾಗ ಪೂಜಾರಿ ತೀರ್ಥ ಕೊಟ್ಟಿದ್ದರು, ಬಲಗೈ ಒಡ್ಡಿ ಕುಡಿದು ಉಳಿದದ್ದನ್ನು ತಲೆಗೆ ಸವರಿಕೊಳ್ಳುವುದನ್ನು ನಾವೇ ಅವರಿಗೆ ಕಲಿಸಿದ್ದೆವು. ಅವರಲ್ಲಿ ಬಹಳ ವಿನಯವಂತನಾದ ಒಬ್ಬ ಹುಡುಗ ಮುದುಕಿಯ ಮುಂದೆ ತಲೆಬಾಗಿ ಬಲಗೈ ಒಡ್ಡಿದ. ಆಕೆ ಒಂದು ಗಳಿಗೆ ಗಲಿಬಿಲಿಯಾಗಿ, ಆಮೇಲೆ ಸುರಿದರು. ಅವನು ಕಣ್ಣು ಮುಚ್ಚಿ ಕುಡಿದ. ಪಡಸಾಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಗಂಜಲಕ್ಕಿಂತ ಕೆಟ್ಟದಾಗಿ ನಾರಿತು.

ಕೆಂಗೂದಲಿನವಳು ಮೇಡಮ್ಮರ ಹತ್ತಿರ ಬಂದು, ಇಷ್ಟು ದಿನ ಮಾಡದ ಸ್ವಾಗತ ಇವತ್ತೇ ಯಾಕೆ ಎಂದು ಕೇಳಿದಳು. ಮೇಡಂ ಬಾಯಿ ತೆರೆಯುವ ಮೊದಲೇ ಸಂಯೋಜಕ ನಡುವೆ ಬಂದ. ಮೆಲ್ಲಗೆ ಕನ್ನಡದಲ್ಲಿ, 'ಮೇಡಂ, ಸ್ವಲ್ಪ ನೋಡಿಕೊಂಡು ಮಾತಾಡಿ. ನಿಮ್ಮ ನಾಲ್ಕು ಮಕ್ಕಳು ವಿಮಾನ ಹತ್ತಬೇಕು, ಅಲ್ವಾ' ಎಂದ. ಆಗಲೂ ನಗುತ್ತಿದ್ದ.

ಮೇಡಂ ಅವನನ್ನು ನೋಡಲಿಲ್ಲ. ನಮ್ಮ ನಾಲ್ವರ ಕಡೆ ತಿರುಗಿದರು.

'ಕೇಳಿದ್ರಲ್ಲ? ಹೋಗೋರು ನೀವು, ನಾನಲ್ಲ. ಹೇಳ್ಲ್ಯಾ, ಬ್ಯಾಡಾ?'

ಬೇರೆ ಯಾವ ಮೇಷ್ಟ್ರೂ ನಮ್ಮನ್ನು ಕೇಳುತ್ತಿರಲಿಲ್ಲ. ಒಂದೋ ನಮ್ಮ ಒಳ್ಳೆಯದಕ್ಕೆಂದು ಸುಮ್ಮನಾಗುತ್ತಿದ್ದರು, ಇಲ್ಲವೇ ತಮ್ಮ ಸಿಟ್ಟಿಗೆ ನಮ್ಮನ್ನು ಬಲಿ ಕೊಡುತ್ತಿದ್ದರು. ಅವರು ಕೇಳಿದರು, ಕೇಳಿ ಕಾದರು. ನನಗೆ ಅಪ್ಪನ ವಿಮಾನದ ಕಿಟಕಿ ಕಣ್ಣಿಗೆ ಬಂತು. ಆದರೆ ಕೆನ್ನೆಯ ಮೇಲೆ ವಾಸನೆ ಹಾಗೇ ಇತ್ತು. 'ಹೇಳ್ರಿ ಮೇಡಂ' ಎಂದೆ. ಉಳಿದ ಮೂವರೂ ತಲೆಯಾಡಿಸಿದರು, ಒಬ್ಬ ಸ್ವಲ್ಪ ತಡವಾಗಿ.

ಅವರು ಪಾಠ ಮಾಡುವ ದನಿಯಲ್ಲೇ, ನಿಧಾನಕ್ಕೆ ಹೇಳಿದರು. ಇದು ಸ್ವಾಗತವಲ್ಲ. ನಿಮ್ಮ ನಕಾಶೆಯ ಬಿಳಿ ಜಾಗಕ್ಕೆ ಹೋಗಿ ಬಂದೆವಲ್ಲ, ಆ ಜನರನ್ನು ಮುಟ್ಟಿದ ಮೈಲಿಗೆಯನ್ನು ನಮ್ಮ ಮೇಲಿಂದ ತೊಳೆಯುತ್ತಿದ್ದಾರೆ. ಇದು ಆಕಳ ಮೂತ್ರ. ನಾನೂ ಅಂಥದೇ ಜಾಗದಲ್ಲಿ ಹುಟ್ಟಿದವಳು, ಅದಕ್ಕೇ ನನಗೆ ಕಟ್ಟೆಯ ಮೇಲಿನ ಗಾಳಿ.

ಕುಡಿದ ಹುಡುಗ ಹಿತ್ತಲಿಗೆ ಓಡಿದ. ಅವನ ವಾಂತಿಯ ಸದ್ದು ಕೇಳುತ್ತಲೇ ಇತ್ತು. ಸಾಹುಕಾರರು ಸಿಟ್ಟಾಗಲಿಲ್ಲ. ಅದು ತಮ್ಮ ಮನೆಯ ಪದ್ಧತಿ, ತಪ್ಪು ತಿಳಿಯಬಾರದು, ಹೋಳಿಗೆ ಆರುತ್ತಿದೆ ಎಂದರು. ಮತ್ತು ವಿದೇಶದಿಂದ ಬಂದವರಲ್ಲಿ ಅರ್ಧ ಜನ ಕೂತು ಹೋಳಿಗೆ ತಿಂದರು! ಇವತ್ತಿಗೂ ನನಗೆ ಯಾವುದು ಹೆಚ್ಚು ಓಕರಿಕೆ ತರುತ್ತದೆ ಎಂದರೆ ಆ ತಂಬಿಗೆಯಲ್ಲ, ಆ ಹೋಳಿಗೆ. ಕೆಂಗೂದಲಿನವಳು ಮಾತ್ರ ನಮ್ಮ ಜೊತೆ ಬಸ್ಸಿನ ತನಕ ಬಂದಳು, ಅಳುತ್ತಾ. ಮೇಡಮ್ಮರಿಗೆ ಕಣ್ಣೀರೂ ಅಷ್ಟಾಗಿ ಸೇರುತ್ತಿರಲಿಲ್ಲ. ಅಳಬೇಡ, ಕಂಡದ್ದನ್ನು ಬರಿ ಎಂದಷ್ಟೇ ಹೇಳಿದರು.

ಏನಾಗಬೇಕೋ ಅದು ಆಯಿತು. ನಮ್ಮ ನಾಲ್ವರ ಆಯ್ಕೆಯನ್ನು 'ಮರುಪರಿಶೀಲಿಸಿ' ಕೈಬಿಟ್ಟರು. ನಮ್ಮ ಬದಲು ಹೋದವರಲ್ಲಿ ಇಬ್ಬರು ಭೂಗೋಳವನ್ನೇ ಓದಿದವರಲ್ಲ, ಆಡಳಿತ ಮಂಡಳಿಯವರ ಮನೆಯ ಮಕ್ಕಳು. ಕಾರ್ಯಕ್ರಮದ ಬಣ್ಣದ ಪುಸ್ತಕ ಹೊರಬಂದಾಗ ಅದರ ಮುಖಪುಟದಲ್ಲಿ ಬೇವಿನ ಟೊಂಗೆ ಹಿಡಿದ ಮುದುಕಿ, ಮುಂದೆ ಕೈಯೊಡ್ಡಿದ ಹುಡುಗ. ಕೆಳಗೆ 'ಹಳ್ಳಿಯ ಆತಿಥ್ಯ' ಎಂದು ಅಚ್ಚಾಗಿತ್ತು. ಒಳಗಿನ ನಕಾಶೆ ಹಳ್ಳದ ದಂಡೆಗೇ ಮುಗಿದಿತ್ತು. ಕೆಂಗೂದಲಿನವಳು ಬರೆದಳೋ ಇಲ್ಲವೋ, ನಮಗೆ ತಿಳಿಯಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಠಸ್ಸೆಯೂ ಬಿದ್ದಿಲ್ಲ.

ಮೇಡಂ ಸುಮ್ಮನೆ ಕೂರಲಿಲ್ಲ. ಎರಡು ಸಲ ಬೆಂಗಳೂರಿಗೆ ಹೋಗಿ ಬಂದರು, ಆಡಳಿತ ಮಂಡಳಿಯವರ ಬಾಗಿಲು ಕಾಯ್ದರು, ತಾನು ಕೆಲಸ ಬಿಡುತ್ತೇನೆ, ಮಕ್ಕಳನ್ನು ಕಳಿಸಿ ಎಂದರಂತೆ. ಏನೂ ನಡೆಯದಿದ್ದಾಗ ನಾಲ್ವರ ಮನೆಗೂ ಹೋದರು. ಚಿಗಟೇರಿಯ ನಮ್ಮ ಮನೆಗೆ ಬಂದು ಅವ್ವನ ಮುಂದೆ ಕೈಮುಗಿದು, 'ನಿಮ್ಮ ಮಗಳ ದಾರಿ ನನ್ನಿಂದ ತಪ್ಪಿತ್ರಿ ಅಮ್ಮ, ಆದ್ರ ತಪ್ಪು ದಾರಿ ಹಿಡೀಲಿಲ್ಲ ಆಕಿ' ಎಂದರು. ಅವ್ವ ಅತ್ತಳು, ಒಳ್ಳೆಯ ಮಾತನ್ನೇ ಆಡಿದಳು, ಚಹಾ ಮಾಡಿದಳು. ನಮಗೆಲ್ಲ ಸ್ಟೀಲಿನ ಲೋಟದಲ್ಲಿ ಬಂದ ಚಹಾ ಮೇಡಮ್ಮರಿಗೆ ಕಾಗದದ ಕಪ್ಪಿನಲ್ಲಿ ಬಂತು. ನಮ್ಮ ಮನೆಯಲ್ಲಿ ಕಾಗದದ ಕಪ್ಪು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಅವ್ವ ಅದಕ್ಕೆಂದೇ ಅಂಗಡಿಯಿಂದ ತರಿಸಿದ್ದಳು. ಮೇಡಂ ಕುಡಿದು, ಚಹಾ ಚೆನ್ನಾಗಿದೆ ಎಂದು ಹೇಳಿ, ಎದ್ದರು. ಮೂಗುಬೊಟ್ಟು ಅಲುಗಲಿಲ್ಲ. ಆ ದಿನ ಅವರು ತಮ್ಮ ಹೇಸಿಗೆಯನ್ನು ನನ್ನ ಸಲುವಾಗಿ ನುಂಗಿಕೊಂಡರು. ನನಗೆ ಮಾತ್ರ ನಾನು ಕೂತಿದ್ದ ಚಾಪೆಯಿಂದ ಹಿಡಿದು ಎಲ್ಲವೂ ಅಸಹ್ಯವಾಯಿತು.

ಈಗ ನಾನು ಹರಪನಹಳ್ಳಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಹೋದ ಚಳಿಗಾಲದಲ್ಲಿ ಎದೆನೋವೆಂದು ಮೇಡಮ್ಮರನ್ನು ದಾವಣಗೆರೆಗೆ ಒಯ್ದರು, ಮರುದಿನ ಹೆಣ ಬಂತು. ನಾವು ನಾಲ್ವರೂ ಕೊಟ್ಟೂರಿಗೆ ಹೋದೆವು. ಅವರ ಮನೆಯವರು ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಬುದ್ಧವಂದನೆ ಹೇಳಿದರು. ನಾನು ಅವರ ಕೈ ಹಿಡಿದು ಬಹಳ ಹೊತ್ತು ಕೂತಿದ್ದೆ. ಗುಂಡಿಗೆ ಹಿಡಿಮಣ್ಣು ಹಾಕಿ ಸಂಜೆಯ ಬಸ್ಸಿಗೆ ಊರಿಗೆ ಬಂದೆ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಸಾವಿನ ಸೂತಕ ನಮಗಿಲ್ಲ ಎಂದು ಅವ್ವ ಹೆಮ್ಮೆಯಿಂದ ಹೇಳುವವಳು. ಅದಕ್ಕೆ ಸ್ವಲ್ಪ ಮುಂಚೆ ದೊಡ್ಡಪ್ಪನ ಮಣ್ಣಿಗೆ ಹೋಗಿ ಬಂದಾಗ ನೆಟ್ಟಗೆ ಅಡುಗೆಮನೆಗೆ ಬಂದು ಉಂಡಿದ್ದೆವು. ಮೇಡಮ್ಮರ ಮಣ್ಣಿನಿಂದ ಬಂದ ದಿನ ಮಾತ್ರ ಬಾಗಿಲ ಹೊರಗೆ ಬಿಸಿನೀರಿನ ಬಕೆಟ್ಟು ಇತ್ತು, ಪಕ್ಕದಲ್ಲಿ ನನ್ನ ಬೇರೆ ಬಟ್ಟೆ.

'ತಲಿಗಿ ನೀರು ಹಾಕ್ಕೊಂಡು ಒಳಗ ಬಾರವ್ವ' ಎಂದಳು ಅವ್ವ, ಮೆತ್ತಗೆ. ಅವಳಿಗೂ ನನ್ನ ಮುಖ ನೋಡಲು ಆಗುತ್ತಿರಲಿಲ್ಲ.

'ದೊಡ್ಡಪ್ಪಗ ಇಟ್ಟಿದ್ದಿಲ್ಲಲ್ಲ' ಎಂದೆ.

ನಾನು ಬಕೆಟ್ಟು ದಾಟಿ, ಮೇಡಮ್ಮರ ಕೈ ಹಿಡಿದಿದ್ದ ಕೈಯನ್ನು ತೊಳೆಯದೆ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ತಟ್ಟೆ ಇಟ್ಟುಕೊಂಡು ಕೂತೆ. ಅವ್ವ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಬಂದು ರೊಟ್ಟಿ ಹಾಕಿದಳು.