ದಸ್ತಗೀರ ಸರ್ ಮತ್ತು ಬಿಸಿಲಿನ ಪೆಟ್ಟಿಗೆ

ದಸ್ತಗೀರ ಸರ್ ಹಗಲು ಹೊತ್ತಿನಲ್ಲಿ ಒಂದು ಊಟವನ್ನಾದರೂ ಕೂತು ಮುಗಿಸಿದ್ದನ್ನು ನಾನು ಕಂಡಿಲ್ಲ. ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ಕೈಗಡಿಯಾರ ನೋಡಿ, ಎಂಜಲಗೈಯಲ್ಲೇ ಎದ್ದು ಮಾಳಿಗೆ ಹತ್ತಿಬಿಡುವರು. ತಾಟಿನಲ್ಲಿ ಪುಂಡಿಪಲ್ಯ ಒಣಗುತ್ತಿತ್ತು. "ಆ ಪೆಟಗ್ಯಾಗ ಏನ್ ಹಡೀಲಿಕತ್ತದೋ ಏನೋ, ಘಳಿಗಿಗೊಮ್ಮಿ ಓಡ್ತಾನ" ಎಂದು ನಮ್ಮವ್ವ ತಾಟು ಮುಚ್ಚಿಡುತ್ತಿದ್ದಳು.

ಶಹಾಬಾದಿನ ನಮ್ಮ ಮನೆಯ ಮಾಳಿಗೆ ಕೋಣೆಗೆ ಅವರು ಬಾಡಿಗೆಗೆ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಚಿಂಚೋಳಿ ಕಡೆಯ ಐನಾಪುರದವರು, ಊಟ ನಮ್ಮಲ್ಲೇ. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ನಮ್ಮೂರ ಹಾಸುಗಲ್ಲು ಬಿಸಿಲಿನ ಕಾವನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡೀತು, ಹೊತ್ತು ಮುಳುಗಿದ ಮೇಲೂ ಅದರಿಂದ ಅಡುಗೆ ಆದೀತೇ ಎಂಬುದು ಅವರ ವಿಷಯ. ಅದಕ್ಕಾಗಿ ಮಾಳಿಗೆಯ ಬಯಲಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಕಪ್ಪು ಬಣ್ಣ ಬಳಿದ ಕಲ್ಲು, ಮೇಲೆ ಗಾಜು. ಹಗಲೆಲ್ಲ ತಾಸಿಗೊಮ್ಮೆ ಕಾವು ನೋಡಿ ಬರೆದುಕೊಳ್ಳಬೇಕು. ಹೀಗೆ ಒಂದು ವರ್ಷ, ನಡುವೆ ಒಂದು ದಿನವೂ ತಪ್ಪುವಂತಿಲ್ಲ ಎಂದು ಅವರ ಗೈಡ್ ಕಟ್ಟುನಿಟ್ಟಾಗಿ ಹೇಳಿದ್ದರಂತೆ. ವರ್ಷ ತುಂಬಿದರೆ ಡಾಕ್ಟರೇಟು, ಅದರ ಹಿಂದೆಯೇ ಯೂನಿವರ್ಸಿಟಿಯಲ್ಲಿ ಖಾಲಿಯಿದ್ದ ಲೆಕ್ಚರರ್ ಕೆಲಸ. ಒಂದು ದಿನ ತಪ್ಪಿದರೆ ಏನು ಮುಳುಗಿಹೋಗುತ್ತದೆ ಎಂದು ನಾನು ಕೇಳಿದ್ದೆ.

"ನಿನ್ನಿ ಬಿಸಿಲು ಇವತ್ತಿನ ಕಲ್ಲಾಗ ಇರ್ತದ ಶರಣಪ್ಪನವರ" ಎಂದಿದ್ದರು. "ನಡುವ ಒಂದು ದಿನ ಹೋದ್ರ ಮುಂದಿನ್ದೆಲ್ಲ ಸುಳ್ಳಾಗ್ತದ."

ಹೀಗೆ ಆ ಮನುಷ್ಯ ಮಾಳಿಗೆಗೆ ಕಟ್ಟಿಹಾಕಿದಂತೆ ಇದ್ದುಬಿಟ್ಟರು. ತಂಗಿಯ ನಿಕಾಹಕ್ಕೆ ಹೋಗಲಿಲ್ಲ, ಹಬ್ಬಕ್ಕೆ ಊರಿಗೆ ಹೋಗಲಿಲ್ಲ. ಸಂಜೆಯಾದರೆ ಮಾತ್ರ ಬಿಡುಗಡೆ. ಆಗ ರೈಲು ಹತ್ತಿ ವಾಡಿಗೆ ಬರುವರು. ನಾನು ಅಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಚಹಾ ಕುಡಿಯುತ್ತ, ಬೊಂಬಾಯಿಗೆ ಹೋಗುವ ಗಾಡಿಯನ್ನೂ ಮದ್ರಾಸಿಗೆ ಹೋಗುವ ಗಾಡಿಯನ್ನೂ ಕಣ್ಣು ಮರೆಯಾಗುವ ತನಕ ನೋಡುವರು. ಆಮೇಲೆ ನನ್ನ ಕಿಟಕಿಗೆ ಬಂದು ಶಹಾಬಾದಿನ ಟಿಕೆಟ್ ಕೇಳುವರು.

ಪ್ರಯೋಗದ ಭಾಗವಾಗಿಯೇ ಒಮ್ಮೆ ಸಂಜೆ ಅವ್ವನ ಗಡಿಗೆ ಇಸಿದುಕೊಂಡು ಆ ಕಲ್ಲಿನ ಮೇಲೆ ತೊಗರಿಬೇಳೆ ಬೇಯಿಸಿ ಕೊಟ್ಟರು. ಒಲೆಯ ಹೊಗೆಗೆ ಕಣ್ಣು ಸುಟ್ಟುಕೊಂಡಿದ್ದ ಅವ್ವ ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡಿ, ಮಾಳಿಗೆ ಹತ್ತಿ ಆ ಗಾಜನ್ನು ಸೆರಗಿನಿಂದ ಒರೆಸಿದಳು. ಅಂದಿನಿಂದ ಆ ಪೆಟ್ಟಿಗೆಯನ್ನು ಅವಳು ತನ್ನದೇ ಎನ್ನುವಂತೆ ನೋಡಿಕೊಳ್ಳತೊಡಗಿದಳು.

ವರ್ಷ ಮುಗಿಯಲು ಕೆಲವೇ ವಾರ ಉಳಿದಿದ್ದಾಗ ಐನಾಪುರದಿಂದ ಸುದ್ದಿ ಬಂತು, ಅವರ ತಂದೆ ತೀರಿಕೊಂಡಿದ್ದರು. ಯೂನಿವರ್ಸಿಟಿಯಿಂದ ಆಗಷ್ಟೇ ತಂದಿದ್ದ ಒಂದು ಯಂತ್ರವಿತ್ತು, ಕಾವಿನ ಏರಿಳಿತವನ್ನು ತಾನೇ ಕಾಗದದ ಮೇಲೆ ಗೆರೆಯಾಗಿ ಎಳೆಯುವಂಥದ್ದು. ಅದನ್ನು ಪೆಟ್ಟಿಗೆಗೆ ಜೋಡಿಸಿಟ್ಟು ಬೆಳಗಿನ ಜಾವವೇ ಹೊರಟರು.

ನಮ್ಮ ಕಡೆ ಒಂದು ರೂಢಿಯಿದೆ. ಮೋಡ ಕವಿದರೆ ಮೊದಲು ಕಂಡವರು ಮಾಳಿಗೆಗೆ ಓಡಬೇಕು; ಒಣ ಹಾಕಿದ ಮೆಣಸಿನಕಾಯಿ ಯಾರದ್ದು, ಸಂಡಿಗೆ ಯಾರದ್ದು ಎಂದು ಕೇಳದೆ ಎಲ್ಲವನ್ನೂ ಮುಚ್ಚಬೇಕು. ಅವತ್ತು ಮಧ್ಯಾಹ್ನ ಮೋಡ ಕವಿಯಿತು. ಅವ್ವ ಓಡಿದಳು. ಹನಿ ಬೀಳಲೇ ಇಲ್ಲ.

ಮರುದಿನ ಸರ್ ಮರಳಿ ಬಂದಾಗ ನಾನೂ ಮಾಳಿಗೆಯ ಮೇಲಿದ್ದೆ. ಅವರು ಕಾಗದ ಬಿಚ್ಚಿ ನೋಡಿದರು. ಏರುತ್ತಿದ್ದ ಗೆರೆ ಮಧ್ಯಾಹ್ನ ಕುಸಿದು, ಆಮೇಲೆ ಏಳಲೇ ಇಲ್ಲ. ಪೆಟ್ಟಿಗೆಯ ಮೇಲೆ ಮಳೆಗೆ ಹೊದಿಸುವ ತಾಡಪತ್ರಿ ಇನ್ನೂ ಹಾಗೇ ಇತ್ತು, ನಾಲ್ಕು ಮೂಲೆಗೂ ಕಲ್ಲಿನ ಭಾರವಿತ್ತು. ಅಷ್ಟರಲ್ಲಿ ಅವ್ವ ಏದುಸಿರು ಬಿಡುತ್ತ ಮೇಲೆ ಬಂದಳು.

"ನಿನ್ನಿ ಮಳಿ ಬರೂಹಂಗ ಆಗಿತ್ತು ತಮ್ಮಾ. ನೀ ಇಲ್ಲ ಅಂತ ನಿನ್ನ ಪೆಟಗಿಗೇ ಮೊದಲ ಹೊಚ್ಚೀನಿ. ನನ್ನ ಮೆಣಸಿನಕಾಯಿ ಆಮ್ಯಾಲ."

ಮಳೆಗೆ ಜಗ್ಗದಂತೆ ಅವರು ಗಾಜಿನ ಸಂದುಗಳಿಗೆಲ್ಲ ಮೇಣ ಮೆತ್ತಿದ್ದು, ಮಳೆ ಬಂದರೂ ಅದನ್ನು ಮುಚ್ಚಬೇಕಿರಲಿಲ್ಲ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು. ಸರ್ ಕಾಗದವನ್ನು ಸುರುಳಿ ಸುತ್ತಿ ಜೇಬಿಗಿಟ್ಟುಕೊಂಡರು.

"ಛಲೋ ಮಾಡೀರಿ ಯವ್ವಾ" ಎಂದರು. "ನಾ ಇದ್ದಿದ್ರೂ ಇಷ್ಟು ಜ್ವಾಕಿ ಮಾಡ್ತಿದ್ದಿಲ್ಲ."

ಹಿಂದಿನ ದಿನ ತಂದೆಗೆ ಮಣ್ಣು ಕೊಟ್ಟು ಬಂದವರ ಮಾತು ಅದು. ಸಂಜೆ ವಾಡಿಯಲ್ಲಿ ನಾನು ತಡೆಯಲಾರದೆ ಹೇಳಿದೆ, ಆ ಒಂದು ಮಧ್ಯಾಹ್ನದ್ದು ಅಂದಾಜಿನಲ್ಲಿ ಬರೆದುಬಿಡಿ, ಯಾರು ಬಂದು ನೋಡುತ್ತಾರೆ ಎಂದು. ಅವರು ಗಾಡಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಗೊತ್ತಿಲ್ಲದ್ದು ಹೆಂಗ ಬರೀಲಿ? ಅವ್ವಗ ಮಾತ್ರ ಹೇಳಬ್ಯಾಡ್ರಿ. ಇನ್ನೊಂದು ವರ್ಷ, ಸೂರ್ಯ ಎಲ್ಲಿ ಓಡಿ ಹೋಗ್ತಾನ."

ಸೂರ್ಯ ಓಡಿ ಹೋಗಲಿಲ್ಲ, ಉಳಿದದ್ದೆಲ್ಲ ಓಡಿತು. ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಅರ್ಧ ವರ್ಷದೊಳಗೆ ಲೆಕ್ಚರರ್ ಕೆಲಸ ಬೇರೆಯವರ ಪಾಲಾಯಿತು. ಗೈಡ್ ನಿವೃತ್ತರಾದರು. ಹೊಸದಾಗಿ ಬಂದವರು ಯೋಜನೆ ನಿಲ್ಲಿಸಿ ಯಂತ್ರಗಳನ್ನು ವಾಪಸು ತರಿಸಿಕೊಂಡರು. ಯಂತ್ರ ಹೋದ ಮೇಲೂ ಕೆಲವು ದಿನ ಸರ್ ತಾಸಿಗೊಮ್ಮೆ ಮಾಳಿಗೆ ಹತ್ತಿ, ಸುಮ್ಮನೆ ಗಾಜು ಒರೆಸಿ ಇಳಿಯುತ್ತಿದ್ದರು. ಅವ್ವ ತಾಟು ಮುಚ್ಚಿಡುವುದನ್ನು ಬಿಟ್ಟಿರಲಿಲ್ಲ.

ಕೊನೆಗೊಂದು ಸಂಜೆ ಟ್ರಂಕು ಹಿಡಿದು ನನ್ನ ಕಿಟಕಿಯ ಮುಂದೆ ನಿಂತರು. ಬೊಂಬಾಯಿ, ಮದ್ರಾಸು ಗಾಡಿಗಳನ್ನು ಅಷ್ಟು ಕಾಲ ನೋಡಿದ ಮನುಷ್ಯ ಕೇಳಿದ್ದು ಸೇಡಂ ಟಿಕೆಟು. ಅಲ್ಲಿಂದ ಬಸ್ಸು ಹಿಡಿದು ಚಿಂಚೋಳಿಗೆ, ಒಂದು ಹೈಸ್ಕೂಲಿನ ಮಾಸ್ತರಿಕೆಗೆ. ಪೆಟ್ಟಿಗೆ ಹೊರಲು ಭಾರ, ಅವ್ವನ ಹತ್ತಿರವೇ ಇರಲಿ ಎಂದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಅವ್ವನಿಗೆ ಕೊನೆಯ ತನಕ ಏನೂ ತಿಳಿಯಲಿಲ್ಲ. ಮುಪ್ಪಿನಲ್ಲಿ ಮೊಣಕಾಲು ನೋವಿದ್ದರೂ, ಮೋಡ ಕವಿದರೆ ತಾಡಪತ್ರಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದಳು. ಅದು ಖಾಲಿ ಪೆಟ್ಟಿಗೆ, ಬಿಡು ಎಂದರೆ ಕೇಳುತ್ತಿರಲಿಲ್ಲ.

"ನಾಳಿಗಿ ಅವ ಬಂದು ಕೇಳಿದ್ರ, ತೋಯಿಸಿದೆ ಅಂತ ಹೇಳ್ಲೇನು?"

ನಾನು ತಾಡಪತ್ರಿಯ ಇನ್ನೊಂದು ತುದಿ ಹಿಡಿಯುತ್ತಿದ್ದೆ.